ಇನ್ನೂರ ಹದಿಮೂರು ಸಲ ‘ಇಲ್ಲ’ ಎನಿಸಿಕೊಂಡ ಹೊಗೆ

ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷ ಇದೆ. ಖಾನಾಪುರದಿಂದ ನಾಲ್ಕು ಕಿಲೋಮೀಟರ್ ಆಚೆಗಿನ ಈ ಬೋಳು ಮಾಳದ ಮೇಲೆ ಗಾಳಿ ಇಲ್ಲ. ದೂರದ ಹಟ್ಟಿಯಲ್ಲಿ ಕುರಿಗಳು ಇನ್ನೂ ಎದ್ದಿಲ್ಲ. ಅರುವತ್ತು ದಾಟಿದ ಕುರಿಗಾಹಿ ಸಾತಪ್ಪ ಕಂಬಳಿಯನ್ನು ಪಕ್ಕಕ್ಕಿಟ್ಟು ಕವಣೆ ಹಿಡಿದು ನಿಂತಿದ್ದಾರೆ. ಕವಣೆಯ ಮಡಿಲಲ್ಲಿ ಕಲ್ಲಿಲ್ಲ, ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಕಾಗದದ ಪೊಟ್ಟಣವಿದೆ. ಅದರಿಂದ ಒಂದು ಬತ್ತಿ ಹೊರಗೆ ಇಣುಕುತ್ತಿದೆ. ಮೂವತ್ತೆಂಟರ ಪ್ರಮಿಳಾ ಆ ಬತ್ತಿಗೆ ಊದುಕಡ್ಡಿ ತಾಗಿಸಿ, ಬಗ್ಗಿಕೊಂಡೇ ಓಡಿ ಬಂದು ಕ್ಯಾಮೆರಾದ ಹಿಂದೆ ನಿಲ್ಲುತ್ತಾರೆ.

“ಏಕ... ದೋನ...”

ಸಾತಪ್ಪ ಎಣಿಸುವುದು ಮರಾಠಿಯಲ್ಲಿ. ‘ತೀನ’ ಎನ್ನುವ ಹೊತ್ತಿಗೆ ಪೊಟ್ಟಣ ಕೈಬಿಟ್ಟಾಗಿದೆ. ಮನೆಯ ಮಾಳಿಗೆಗಿಂತ ಮೂರು ಪಟ್ಟು ಎತ್ತರದಲ್ಲಿ ‘ಢಪ್’ ಎಂದು ಒಡೆಯುತ್ತದೆ. ತಿಳಿ ಆಕಾಶದಲ್ಲಿ ಅಂಗೈಯಗಲದ ಕಪ್ಪು ಮೂಡಿ, ಕೊಡೆಯಷ್ಟಾಗಿ, ಕಂಬಳಿಯಷ್ಟಾಗಿ ನಿಲ್ಲುತ್ತದೆ. ನಾನು ಕತ್ತೆತ್ತಿ ಬಾಯಿ ತೆರೆದು ನೋಡುತ್ತೇನೆ.

“ಬಾಯಿ ಮುಚ್ಚಕೋರಿ ಸರ್, ಪುಡಿ ಬರತೈತಿ,” ಎನ್ನುತ್ತಾರೆ ಪ್ರಮಿಳಾ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಹೇಳಿದ್ದು ತಡವಾಯಿತು. ಕಲ್ಲಿದ್ದಲ ರುಚಿ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಇನ್ನು ಮೇಲೆ ನಾನು ಹೇಳಬಲ್ಲೆ.

ಪೊಟ್ಟಣದ ಒಳಗೆ ಇರುವುದು ಎರಡೇ ಸಾಮಾನು. ನಡುವೆ ದೀಪಾವಳಿಗೆ ಹುಡುಗರು ಹಚ್ಚುವ ಸುತಳಿ ಬಾಂಬು. ಸುತ್ತ ಒಂದು ಮುಷ್ಟಿ ಕಲ್ಲಿದ್ದಲ ಪುಡಿ. ಎರಕ ಹೊಯ್ಯುವ ಫೌಂಡ್ರಿಗಳಲ್ಲಿ ಅಚ್ಚಿನ ಮರಳಿಗೆ ಈ ಪುಡಿ ಬೆರೆಸುತ್ತಾರೆ. ಪ್ರಮಿಳಾ ಕೆಲಸ ಮಾಡುವುದು ಬೆಳಗಾವಿಯ ಉದ್ಯಮಬಾಗದ ಅಂಥ ಒಂದು ಫೌಂಡ್ರಿಯಲ್ಲಿ. ನೆಲದ ಮೇಲೆ ಚೆಲ್ಲಿದ ಪುಡಿಯನ್ನು ಮಾಲೀಕರನ್ನು ಕೇಳಿಯೇ ಗುಡಿಸಿಕೊಂಡು ಬರುತ್ತಾರೆ. ವಾರಕ್ಕೆ ಹನ್ನೆರಡು ಪೊಟ್ಟಣ. ಶನಿವಾರ ಸಂಜೆಯ ಬಸ್ಸಿಗೆ ಖಾನಾಪುರ, ಸೋದರತ್ತೆ ಸಾವಂತ್ರವ್ವನ ಮನೆಯಲ್ಲಿ ವಸ್ತಿ, ಭಾನುವಾರ ನಸುಕಿನಲ್ಲಿ ಮಾಳ. ಸಾತಪ್ಪ ಆ ಸಾವಂತ್ರವ್ವನ ಗಂಡ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಇದು ತಪ್ಪಿದ್ದಿಲ್ಲ.

ಇವತ್ತಿನ ಹನ್ನೆರಡರಲ್ಲಿ ಎರಡು ಸಾತಪ್ಪನ ತಲೆಯ ಹತ್ತಿರವೇ ಒಡೆಯುತ್ತವೆ. ಮೂರು ಒಡೆಯುವುದೇ ಇಲ್ಲ, ಕಲ್ಲಿನಂತೆ ಬಂದು ನೆಲಕ್ಕೆ ಬೀಳುತ್ತವೆ. ಅವುಗಳ ಹತ್ತಿರ ಅರ್ಧ ತಾಸು ಯಾರೂ ಹೋಗುವಂತಿಲ್ಲ, ಆಮೇಲೆ ಬಕೆಟ್ ನೀರು. ಉಳಿದ ಏಳರಲ್ಲಿ ಕೆಲಸಕ್ಕೆ ಬಂದದ್ದು ಎರಡು. ಪ್ರಮಿಳಾ ಮುಖ, ಮೂಗಿನ ಹೊಳ್ಳೆ, ಕಿವಿಯ ಹಿಂದೆ ಎಲ್ಲ ಕಪ್ಪು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೈ ಕಪ್ಪಾಗಿ ಎಂಟು ವರ್ಷವಾಯಿತು, ಮೊಸರು ಎಲ್ಲೂ ಕಾಣಿಸುತ್ತಿಲ್ಲ.

“ಈ ಹುಡುಗಿ ಬಂದ್ಲು ಅಂದ್ರ ಕುರಿ ಮರಿ ಎಲ್ಲಾ ಹೆದರಿ ಸಾಯತಾವು,” ಎಂದು ಸಾವಂತ್ರವ್ವ ನನ್ನ ಮುಂದೆ ದೂರು ಹೇಳುತ್ತಾರೆ. ಆಮೇಲೆ ಅದೇ ಬಾಯಲ್ಲಿ, “ಏ ಪಮ್ಮಿ, ಬಿಸಿನೀರು ಕಾಸೇನಿ, ಮುಸುಡಿ ತೊಳಕೋ ಹೋಗ. ಪ್ಯಾಪರದವ್ರ ಮುಂದ ಹಿಂಗ ಕುಂದರತಾರೇನ?” ಎಂದು ಕೂಗುತ್ತಾರೆ.

ಇಷ್ಟೆಲ್ಲ ಯಾತಕ್ಕೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಒಂದು ಆಟಕ್ಕೆ.

ಆಟ ಎಂದರೆ ನನಗೆ ಗೋಲಿ ಮತ್ತು ಚಿನ್ನಿದಾಂಡು. ಅದರಾಚೆ ನಾನು ದಡ್ಡ. ಹಾಗಾಗಿ ಪ್ರಮಿಳಾ ನನಗೆ ಹೇಳಿದಂತೆಯೇ ಬರೆಯುತ್ತೇನೆ. ಎರಡನೆಯ ಮಹಾಯುದ್ಧದ ಜಲಾಂತರ್ಗಾಮಿಯ ಒಂದು ಕಂಪ್ಯೂಟರ್ ಆಟವಿದೆ. ಆಡುವವನೇ ಅದರ ಕಪ್ತಾನ. ನೀರಿನಿಂದ ಮೇಲೆದ್ದು ನೋಡಿದಾಗ, ದೂರದ ಹಡಗುಗಳು ತಮ್ಮ ಮೇಲೆ ಬರುವ ವಿಮಾನಗಳಿಗೆ ಗುಂಡು ಹಾರಿಸುತ್ತಿರುತ್ತವೆ. ಆ ಗುಂಡುಗಳು ಆಕಾಶದಲ್ಲಿ ಒಡೆದು ಹೊಗೆಯಾಗುತ್ತವೆ. ಆಟ ಮಾಡಿದ ಕಂಪನಿ ಎಂದೋ ಅದರ ಕೈಬಿಟ್ಟಿದೆ. ಆಡುವವರೇ ಹತ್ತಾರು ದೇಶಗಳಲ್ಲಿ ಕುಳಿತು, ಬಿಟ್ಟಿಯಾಗಿ, ಅದನ್ನು ದುರಸ್ತಿ ಮಾಡುತ್ತ ಬಂದಿದ್ದಾರೆ. ಒಬ್ಬ ಅಲೆಗಳನ್ನು ನೋಡಿಕೊಂಡರೆ ಇನ್ನೊಬ್ಬ ಹಡಗಿನ ತುಕ್ಕು ನೋಡಿಕೊಳ್ಳುತ್ತಾನೆ. ಹೊಗೆ ಮಾತ್ರ ಬೆಳಗಾವಿಯ ರಾಮತೀರ್ಥ ನಗರದ ಈ ಹೆಣ್ಣುಮಗಳ ಪಾಲು. ಹನ್ನೊಂದು ಸಾವಿರ ಜನ ಅವರ ಹೊಗೆಯನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾರೆ. ಕೆಲಸ ಮಾಡಿದವರ ಪಟ್ಟಿಯಲ್ಲಿ ಅವರ ಹೆಸರು ನಲವತ್ತೇಳನೆಯದು. ಪಕ್ಕದ ಮನೆಯವರಿಗೆ ಅವರು ಗೊತ್ತಿರುವುದು ‘ಫೌಂಡ್ರಿಗೆ ಹೋಗುವ ಭರಮಪ್ಪನ ಮಗಳು’ ಎಂದಷ್ಟೇ.

ಒಮ್ಮೆ ಮಾಳದ ಮೇಲೆ ಬಾಂಬು ಹಾರಿಸುತ್ತಿದ್ದಾರೆಂದು ಯಾರೋ ಫೋನು ಮಾಡಿ, ಪೊಲೀಸರು ಬಂದಿದ್ದರಂತೆ. ಬಂದವರು ಎರಡು ಪೊಟ್ಟಣ ಹಾರುವುದನ್ನು ನೋಡಿ, ಸಾವಂತ್ರವ್ವನ ಚಹಾ ಕುಡಿದು, “ಬಾಯಾರ, ಇದರಾಗ ನಿಮಗೇನ ಸಿಗತೈತಿ?” ಎಂದು ಕೇಳಿದರಂತೆ. ಏನು ಹೇಳಿದಿರಿ ಎಂದು ನಾನು ಕೇಳುತ್ತೇನೆ.

“ಏನ ಹೇಳಲಿ ಸರ್. ನಮ್ಮಪ್ಪನ ಕೈಲೆ ಬೈಸಿಕೋಳಾಕ ಅಂದೆ. ನಕ್ಕರು, ಹೋದರು.”

ಅದು ತಮಾಷೆಯಲ್ಲ. ಖರೇ ಮಾತು ಅದೇ.

ಮಧ್ಯಾಹ್ನದ ಹೊತ್ತಿಗೆ ನಾವು ರಾಮತೀರ್ಥ ನಗರದ ಮನೆಯಲ್ಲಿದ್ದೇವೆ. ಎರಡು ಕೋಣೆ, ಒಂದು ಅಡುಗೆಮನೆ. ಹೊರಗಿನ ಕೋಣೆಯ ಗೋಡೆಗೆ ಬೀರಪ್ಪದೇವರ ಪಟ, ಅದರ ಕೆಳಗೆ ಕಂಪ್ಯೂಟರು, ಅದರ ಎದುರಿಗೆ ಕಬ್ಬಿಣದ ಕುರ್ಚಿಯಲ್ಲಿ ಭರಮಪ್ಪ. ವಯಸ್ಸು ಎಪ್ಪತ್ತೈದು. ಬೆನ್ನು ಇನ್ನೂ ನೆಟ್ಟಗಿದೆ. ನಾನು ಬಾಗಿಲಲ್ಲಿ ನಿಂತದ್ದು ಅವರಿಗೆ ಕಾಣುವುದಿಲ್ಲ. ಚಪ್ಪಲಿ ಬಿಟ್ಟ ಸದ್ದಿಗೆ ಕತ್ತು ತಿರುಗಿಸುತ್ತಾರೆ.

“ಬರ್ರಿ ಸಾಹೇಬ್ರ, ಕುಂದರ್ರಿ. ಎಡಕ ಬರ್ರಿ, ಆ ಬಾಜೂಕ ಅಷ್ಟ ಸ್ವಲ್ಪ ಕಾಣತೈತಿ.”

ಇವರು ಸೈನ್ಯದಲ್ಲಿದ್ದದ್ದು ವಿಮಾನ ಹೊಡೆಯುವ ದೊಡ್ಡ ತೋಪಿನ ತಂಡದಲ್ಲಿ. ಎಪ್ಪತ್ತೊಂದರ ಯುದ್ಧದಲ್ಲಿ ಇಪ್ಪತ್ತೊಂದರ ಹುಡುಗ. ಆ ಕಾಲದ ಗುಂಡಿನ ಮೂತಿಗೆ ಒಂದು ತಿರುಗಣಿ, ತಿರುಗಣಿಯ ಮೇಲೆ ಸೆಕೆಂಡುಗಳ ಗೆರೆ ಇರುತ್ತಿತ್ತಂತೆ. ಹಾರಿದ ಮೇಲೆ ಎಷ್ಟು ಸೆಕೆಂಡಿಗೆ ಒಡೆಯಬೇಕು ಎಂದು ಒಬ್ಬ ಕೂಗುವುದು, ಭರಮಪ್ಪ ತಿರುಗಿಸಿ ಕೊಡುವುದು, ಇನ್ನೊಬ್ಬ ತೋಪಿಗೆ ತುಂಬುವುದು. ಹದಿನಾಲ್ಕು ದಿನ ಅವರು ಮಾಡಿದ್ದು ಅದೊಂದೇ ಕೆಲಸ.

“ನಾಕನೂರಾ ಹತ್ತು ಗುಂಡು ನನ್ನ ಕೈಯಾಗಿಂದ ಹೋಗ್ಯಾವು,” ಎನ್ನುತ್ತಾರೆ ಭರಮಪ್ಪ. “ಒಂದ ಒಂದು ಇಮಾನ ಬೀಳಲಿಲ್ಲರಿ. ಖರೇ ಹೇಳತೀನಿ. ಊರಾಗ ಎಲ್ಲಾರೂ ಎಷ್ಟ ಹೊಡದಿ, ಎಷ್ಟ ಕೆಡವಿದಿ ಅಂತ ಕೇಳೋರು. ಏನ ಹೇಳೂದು? ನಾ ಲಡಾಯಿದಾಗ ಮಾಡಿದ್ದು ಹೊಗಿ ಅಷ್ಟ.”

ಈ ಮಾತನ್ನು ಅವರು ನಗುತ್ತಲೇ ಹೇಳುತ್ತಾರೆ.

ಊರವರು ಕೇಳುತ್ತಾರೆಂದೇ ಅವರು ಯುದ್ಧದ ಮಾತನ್ನು ಬಿಟ್ಟರು. ಆಮೇಲೆ ಬೇರೆ ಮಾತೂ ಕಡಿಮೆಯಾಯಿತು. ಸೈನ್ಯದಿಂದ ಬಂದ ಮೇಲೆ ಒಂದು ಗೋದಾಮಿನಲ್ಲಿ ಕಾವಲುಗಾರ. ಹೆಂಡತಿ ಲಕ್ಷ್ಮೀ ತೀರಿಕೊಂಡ ಮೇಲಂತೂ ಮನೆಯಲ್ಲಿ ‘ಊಟ ಆತೇನು’, ‘ಬಾಗಲಾ ಹಾಕೇನು’ ಬಿಟ್ಟರೆ ಮೂರನೆಯ ಮಾತಿಲ್ಲ. ಪ್ರಮಿಳಾಗೆ ಆಗ ಇಪ್ಪತ್ತಾರು. ಎರಡು ಕೋಣೆಯ ಮನೆಯಲ್ಲಿ ಒಬ್ಬ ಅಪ್ಪ, ಒಬ್ಬಳು ಮಗಳು, ನಡುವೆ ಒಂದು ಗೋಡೆ ಗಡಿಯಾರ. “ಆ ಟಿಕ್ ಟಿಕ್ ಕೇಳಿ ಕೇಳಿ ತಲಿ ಕೆಟ್ಟು ಒಂದಿನ ಅದರ ಸೆಲ್ ತಗದ ಇಟ್ಟಬಿಟ್ಟೆ,” ಎನ್ನುತ್ತಾರೆ ಪ್ರಮಿಳಾ.

ಹನ್ನೊಂದು ವರ್ಷಗಳ ಹಿಂದೆ ಅವರು ಫೌಂಡ್ರಿಯ ಎರಕದ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬರೆಯಲು ಕಲಿಯುತ್ತಿದ್ದರು. ಅದಕ್ಕೆಂದು ಯಾರೋ ಬಳಸಿ ಬಿಟ್ಟ ಒಂದು ಕಂಪ್ಯೂಟರ್ ಕೊಂಡು ತಂದರು. ಅದರೊಳಗೆ ಹಳೆಯ ಮಾಲೀಕ ಬಿಟ್ಟುಹೋದ ಈ ಆಟವಿತ್ತು. ಒಂದು ಭಾನುವಾರ ಬೇಸರಕ್ಕೆ ಹಚ್ಚಿದರು. ನೀರಿನ ಮೇಲೆ ಬಂದರು, ದೂರದಲ್ಲಿ ಹಡಗುಗಳು ಗುಂಡು ಹಾರಿಸಿದವು, ಆಕಾಶದ ತುಂಬ ಕೇಸರಿ ಬೆಂಕಿಯ ಉಂಡೆಗಳು ಹೊಳೆದು ಮಾಯವಾದವು. ಹಿಂದಿನಿಂದ ಅಪ್ಪನ ದನಿ ಬಂತು.

“ಥೂ, ಇದೇನು ದೀಪಾವಳಿನೇನ? ಸುಳ್ಳು.”

ಪ್ರಮಿಳಾ ತಿರುಗಿ ನೋಡಿದರು. ಅಪ್ಪ ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಅವತ್ತು ಭರಮಪ್ಪ ಎರಡು ತಾಸು ಮಾತಾಡಿದರಂತೆ. ಹಗಲಿನಲ್ಲಿ ಬೆಂಕಿ ಕಾಣುವುದಿಲ್ಲ, ಕಂಡರೆ ಸೂಜಿಮೊನೆಯಷ್ಟು. ಕಾಣುವುದು ಹೊಗೆ. ಅದು ಕಪ್ಪು, ಅಂಚಿನಲ್ಲಿ ತುಸು ಕಂದು. ಮೊದಲು ಹೊಗೆ, ಸದ್ದು ಆಮೇಲೆ. ಆರು ಎಣಿಸು, ಏಳು ಎಣಿಸು, ಆಗ ಹಾಸಿಗೆ ಬಡಿದಂತೆ ‘ದುಪ್’ ಎನ್ನುತ್ತದೆ. ಮುಖ್ಯ ಮಾತು, ಆ ಹೊಗೆ ಹೋಗುವುದಿಲ್ಲ.

“ಮೂರು ಸೆಕೆಂಡಿಗೆ ಮಾಯ ಆಗಾಕ ಅದೇನು ದೆವ್ವ ಏನರಿ?” ಎಂದು ಭರಮಪ್ಪ ಈಗಲೂ ನನ್ನ ಮೇಲೆ ರೇಗುತ್ತಾರೆ, ಆಟವನ್ನು ನಾನೇ ಮಾಡಿದವನಂತೆ. “ಇಮಾನ ಹೋಗಿಬಿಡತೈತಿ. ತೋಪು ನಿಂತುಬಿಡತಾವು. ಹೊಗಿ ಅಲ್ಲೇ ಇರತೈತಿ. ಗಾಳಿ ಬಂದ್ರ ಎಲ್ಲಾ ಕೂಡೇ ಒಂದ ಕಡೆ ಸರೀತಾವು, ಕುರಿ ಹಿಂಡು ಸರದಂಗ. ನಾವು ಕೆಳಗ ನಿಂತು ಅದನ್ನ ನೋಡಕೋಂತ ಇರತಿದ್ದಿವಿ. ಬ್ಯಾರೆ ಏನ ಮಾಡಾಕ ಬರತಿತ್ತು?”

ಮಗಳಿಗೆ ದಾರಿ ಸಿಕ್ಕಿತು. ಅಪ್ಪನನ್ನು ಮಾತಾಡಿಸಬೇಕೆಂದರೆ ಹೊಗೆ ಮಾಡಬೇಕು. ಮಾಡಿದರು. ಆಟ ದುರಸ್ತಿ ಮಾಡುವವರ ಗುಂಪನ್ನು ಹುಡುಕಿ, ಶಬ್ದಕೋಶ ಇಟ್ಟುಕೊಂಡು ಅವರಿಗೆ ಪತ್ರ ಬರೆದು, ಹೊಗೆಯ ಚಿತ್ರಗಳನ್ನು ಆಟದೊಳಗೆ ಸೇರಿಸುವುದನ್ನು ಕಲಿತರು. ಮೊದಲ ಹೊಗೆಯನ್ನು ಅಪ್ಪನ ಮುಂದೆ ಇಟ್ಟರು. ಭರಮಪ್ಪ ನೋಡಿ, “ಇಲ್ಲ,” ಎಂದರು. ಯಾಕೆ ಇಲ್ಲ ಎಂದು ಅರ್ಧ ತಾಸು ಹೇಳಿದರು.

ಪ್ರಮಿಳಾ ಪ್ರತಿ ಹೊಗೆಗೂ ಒಂದು ಅಂಕಿ ಕೊಡುತ್ತಾರೆ. ಇಲ್ಲ-೧, ಇಲ್ಲ-೨. ಕಂಪ್ಯೂಟರಿನಲ್ಲಿ ಕಡತಗಳ ಹೆಸರೇ ಹಾಗೆ. ನಾನು ಈ ಮೊದಲ ಭೇಟಿಗೆ ಹೋದ ದಿನ ಅದು ಇಲ್ಲ-೨೧೩ಕ್ಕೆ ಬಂದು ನಿಂತಿದೆ.

ಇಷ್ಟು ‘ಇಲ್ಲ’ಗಳಲ್ಲಿ ಒಂದರ ಕತೆ ಹೇಳಲೇಬೇಕು. ಅದು ಈ ಜನ ಮಾತ್ರ ಮಾಡಬಹುದಾದ ತಪ್ಪು. ಮೊದಲ ಮೂರು ವರ್ಷ ಪ್ರಮಿಳಾ ಹೊಗೆ ಕಲಿತದ್ದು ಭಂಡಾರದಿಂದ. ಹಾಲುಮತದ ಕುರುಬರ ದೇವರ ಕಾರ್ಯದಲ್ಲಿ ಮುಷ್ಟಿ ಮುಷ್ಟಿ ಅರಿಶಿನ ಪುಡಿಯನ್ನು ಮೇಲಕ್ಕೆ ತೂರುತ್ತಾರಲ್ಲ, ಆ ಭಂಡಾರ. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಅದರ ವಿಡಿಯೋ ಹಿಡಿದು, ಅರಿಶಿನವನ್ನು ಕಂಪ್ಯೂಟರಿನಲ್ಲಿ ಕಪ್ಪು ಮಾಡಿ ಆಟದೊಳಗೆ ಹಾಕಿದರು. ಪರದೇಶದ ಗೆಳೆಯರು ಭಾರಿ ಹೊಗಳಿದರು. ಇದರಷ್ಟು ಖರೇ ಹೊಗೆಯನ್ನು ನಾವು ನೋಡಿಯೇ ಇಲ್ಲ ಎಂದು ಬರೆದರು. ಅಪ್ಪ ಒಂದೇ ಸಲ ನೋಡಿದರು.

“ಇದು ನಮ್ಮ ಬೀರಪ್ಪನ ಭಂಡಾರ ಐತಲ್ಲವಾ,” ಎಂದರಂತೆ. “ಕೈಲೆ ತೂರಿದ್ದು ಕೆಳಗಿಂದ ಮ್ಯಾಲ ಹೋಗಿ ಛತ್ರಿ ಹಂಗ ಬೀಳತೈತಿ. ಗುಂಡು ಒಳಗಿಂದ ಒಡೀತೈತಿ, ಎಲ್ಲಾ ಕಡೆ ಒಮ್ಮೆಲೇ. ಅದಕ ದೇವ್ರಿಲ್ಲ ದಿಂಡರಿಲ್ಲ. ಇಲ್ಲ ಇದು.”

ಮೂರು ವರ್ಷದ ಕೆಲಸ ಹೋಯಿತು. ಪ್ರಮಿಳಾ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಭರಮಪ್ಪನೇ ಸಾತಪ್ಪನಿಗೆ ಫೋನು ಹಚ್ಚಿ, “ನಿನ್ನ ಕವಣಿ ಇನ್ನೂ ಐತೇನೋ ಮಾರಾಯಾ?” ಎಂದು ಕೇಳಿದರು. ಪೊಟ್ಟಣ, ಬತ್ತಿ, ಎರಡು ಎಣಿಸಿ ಬಿಡುವುದು, ಎಲ್ಲ ಭರಮಪ್ಪನ ಯೋಚನೆ. ಗುಂಡಿನ ತಿರುಗಣಿ ತಿರುಗಿಸಿದ ಕೈ ಬತ್ತಿಯ ಉದ್ದವನ್ನು ಬೆರಳಲ್ಲಿ ಅಳೆದು ಕೊಟ್ಟಿತು.

ಹಾಗೆ ಹಿಡಿದ ವಿಡಿಯೋ ಮನೆಗೆ ಬಂದ ಮೇಲೆ ನಿಜವಾದ ದುಡಿಮೆ ಶುರು. ಒಂದು ಹೊಗೆಯನ್ನು ಅರುವತ್ತನಾಲ್ಕು ಚಿತ್ರಗಳಾಗಿ ಬಿಡಿಸಬೇಕು. ಪ್ರತಿ ಚಿತ್ರದಲ್ಲೂ ಸುತ್ತಲಿನ ಆಕಾಶವನ್ನು ಒರೆಸಿ ತೆಗೆಯಬೇಕು, ಹೊಗೆಯ ಎಳೆ ಕಳೆಯದಂತೆ. ಕೆಳಕ್ಕೆ ಉದುರುವ ದಪ್ಪ ಪುಡಿಯನ್ನು ಚುಕ್ಕೆ ಚುಕ್ಕೆಯಾಗಿ ಅಳಿಸಬೇಕು, ಯಾಕೆಂದರೆ ಗುಂಡಿನ ಹೊಗೆ ಉದುರುವುದಿಲ್ಲ. ದಿನಕ್ಕೆ ಎರಡು ತಾಸಿನಲ್ಲಿ ಮೂರು ಚಿತ್ರ ಮುಗಿದರೆ ಪುಣ್ಯ. ನಸುಕಿನ ನಾಲ್ಕೂವರೆಗೆ ಏಳುತ್ತಾರೆ, ಆರೂವರೆಗೆ ಕಂಪ್ಯೂಟರ್ ಮುಚ್ಚುತ್ತಾರೆ, ರೊಟ್ಟಿ ಬಡಿಯುತ್ತಾರೆ, ಅಪ್ಪನ ಕಣ್ಣಿಗೆ ಮೂರು ಬಗೆಯ ಹನಿ ಹಾಕುತ್ತಾರೆ, ಒಂಬತ್ತಕ್ಕೆ ಫೌಂಡ್ರಿಯಲ್ಲಿರುತ್ತಾರೆ. ಈಗ ಅವರಿಗೂ ಕನ್ನಡಕ ಬಂದಿದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿ ನಾನು ಬುದ್ಧಿಗೇಡಿತನ ತೋರಿಸುತ್ತೇನೆ. “ನೋಡಾಕ ಬಂದವ್ರ ಮುಂದ ಅಪ್ಪ ಹೊಗಿ ಸುದ್ದಿ ತಗೀತಿದ್ದ ಸರ್. ಎದ್ದ ಹೋಗಿಬಿಡತಿದ್ದರು,” ಎಂದು ಹೇಳಿ ತಾವೇ ಜೋರಾಗಿ ನಗುತ್ತಾರೆ.

ಮೂರು ಬಗೆಯ ಹನಿಯ ಮಾತು ಬಂತು. ಈ ಬರಹದ ಭಾರವೆಲ್ಲ ಅಲ್ಲಿದೆ.

ಭರಮಪ್ಪನವರ ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತಿದೆ. ಈ ಕಾಯಿಲೆಗೆ ನೋವಿಲ್ಲ. ಅಂಚಿನಿಂದ ಸದ್ದಿಲ್ಲದೆ ಕತ್ತಲು ಒಳಗೆ ಬರುತ್ತದೆ, ನಡುವಿನ ಬೆಳಕು ಸಣ್ಣದಾಗುತ್ತ ಹೋಗುತ್ತದೆ. ಗೊತ್ತಾಗುವ ಹೊತ್ತಿಗೆ ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನ ಹೊರಮೂಲೆಯಲ್ಲಿ ಬಾಗಿಲ ಸಂದಿಯಷ್ಟು ಉಳಿದಿದೆ. ಹೋದದ್ದು ಬರುವುದಿಲ್ಲ, ಇದ್ದದ್ದು ಯುಗಾದಿಯವರೆಗೆ ಇದ್ದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದಾರೆ. ನಾನು ಹೋದದ್ದು ಸಂಕ್ರಾಂತಿ ಮುಗಿದ ವಾರ.

“ಜಗತ್ತಿನಾಗ ಎಷ್ಟೋ ಮಂದಿ ಪುಸ್ತಕ ಓದಿ, ಫೋಟೋ ನೋಡಿ ಹೇಳತಾರ್ರಿ, ಹಿಂಗಿರತೈತಿ ಹಂಗಿರತೈತಿ ಅಂತ,” ಎನ್ನುತ್ತಾರೆ ಪ್ರಮಿಳಾ, ಅಡುಗೆಮನೆಯಲ್ಲಿ ದನಿ ತಗ್ಗಿಸಿ. “ನನ್ನ ಹೊಗಿಗೆ ಪಾಸ್ ನಾಪಾಸ್ ಹಾಕೂ ಮನಶ್ಯಾ ಒಬ್ಬನ ಸರ್. ಅಂವನ ಕಣ್ಣ ಹೊಂಟಾವು. ಹೋಗೂದ್ರೊಳಗ ಒಮ್ಮಿ ಆದರೂ ‘ಹೌದು, ಹಿಂಗ ಇತ್ತು’ ಅನಬೇಕು. ನಾಕನೂರಾ ಹತ್ತು ಗುಂಡು ಹಾರಿಸಿದ ಮನಶ್ಯಾಗ ಒಂದ ಹೊಗಿ ತೋರಸೂದು ಆಗಲಿಲ್ಲಂದ್ರ ನಾ ಏನ ಮಾಡಿದಂಗಾತು?”

ಆ ದಿನ ಅವರು ೨೧೩ನ್ನು ಮತ್ತೊಮ್ಮೆ ತೋರಿಸುತ್ತಾರೆ, ನಾನು ನೋಡಲೆಂದು. ಬೂದು ಸಮುದ್ರ, ಅದರ ಮೇಲೆ ಬಿಳಿಚಿದ ಆಕಾಶ. ಸದ್ದಿಲ್ಲದೆ ಒಂದು ಕಪ್ಪು ಚುಕ್ಕೆ ಮೂಡುತ್ತದೆ, ಪಕ್ಕದಲ್ಲಿ ಇನ್ನೊಂದು, ಇನ್ನೂ ನಾಲ್ಕು. ನಾನು ಎಣಿಸುತ್ತೇನೆ. ಆರಕ್ಕೆ ‘ದುಪ್’. ವಿಮಾನ ಹೊರಟುಹೋಗುತ್ತದೆ. ಹೊಗೆ ಉಳಿಯುತ್ತದೆ. ಇದಕ್ಕಿಂತ ಖರೇ ಏನಿರಲು ಸಾಧ್ಯ ಎಂದು ನನಗನ್ನಿಸುತ್ತದೆ. ಭರಮಪ್ಪ ಪರದೆಗೆ ಗೇಣು ದೂರದಲ್ಲಿ ಮುಖ ಇಟ್ಟು, ಕತ್ತು ಬಲಕ್ಕೆ ವಾಲಿಸಿ, ಎಡಗಣ್ಣಿನ ಮೂಲೆಯಿಂದ ಹುಡುಕುತ್ತಾರೆ.

“ಇಲ್ಲವಾ,” ಎನ್ನುತ್ತಾರೆ ಕೊನೆಗೆ. “ಎಲ್ಲಾ ಒಂದ ನಮೂನಿ ಅದಾವು. ನಮ್ಮವು ಒಂದರಂಗ ಒಂದು ಇರತಿರಲಿಲ್ಲ. ಕೈಲೆ ತಿರುವಿದ್ದು ಅಲ್ಲೇನು, ಒಂದು ಮುಂಚೆ, ಒಂದು ತಡಾ. ಒಂದು ಹರದ ಹೋಗಿರತಿತ್ತು. ನಡಗೂ ಕೈ ಇರತಾವಲ್ಲವಾ.”

ಪ್ರಮಿಳಾ ಬರೆದುಕೊಳ್ಳುತ್ತಾರೆ: ನಡುಗುವ ಕೈ. ಅವರ ಮುಖ ನೋಡಿದರೆ ಬೈಸಿಕೊಂಡವರ ಮುಖದಂತಿಲ್ಲ.

ಎರಡು ವಾರ ಬಿಟ್ಟು ಪ್ರಮಿಳಾ ಫೋನು ಮಾಡುತ್ತಾರೆ. ೨೧೪ ಆಗಿದೆ, ಭಾನುವಾರ ತೋರಿಸುತ್ತೇನೆ, ಬನ್ನಿ ಎನ್ನುತ್ತಾರೆ. ನಾನು ಕೇಂದ್ರ ಬಸ್ ನಿಲ್ದಾಣದಿಂದ ಆಟೋ ಹಿಡಿದು ಹೋಗುತ್ತೇನೆ, ಕುಂದಾ ಸಿಹಿಯ ಪೊಟ್ಟಣ ಹಿಡಿದುಕೊಂಡು. ಈ ಸಲ ಭರಮಪ್ಪ ಇಸ್ತ್ರಿ ಅಂಗಿ ತೊಟ್ಟಿದ್ದಾರೆ. ಗಡ್ಡ ಹೆರೆಸಿಕೊಂಡಿದ್ದಾರೆ. ಪೇಪರಿನವರು ಬರುತ್ತಾರೆಂದು ಬೆಳಗಿನಿಂದ ನಾಲ್ಕು ಸಲ ಕೇಳಿದರಂತೆ.

“ಫೋಟೋ ತಗೀತೀರೇನ್ರಿ ಸಾಹೇಬ್ರ? ನಂದು ಬ್ಯಾಡ. ಆಕೀದ ತಗೀರಿ. ದುಡದಾಕಿ ಆಕಿ.”

ಈ ಎರಡು ವಾರ ಪ್ರಮಿಳಾ ಫೌಂಡ್ರಿಗೆ ರಜೆ ಹಾಕಿ, ಹಿಂದೆ ಬಿಡಿಸಿಟ್ಟ ಚಿತ್ರಗಳನ್ನೂ ಬಳಸಿ, ಆರು ತೆರನ ಹೊಗೆಗಳನ್ನು ಬೇರೆ ಬೇರೆಯಾಗಿ ಮಾಡಿದ್ದಾರೆ. ಒಂದು ಬೇಗ ಒಡೆಯುವುದು, ಒಂದು ತಡವಾಗುವುದು, ಒಂದು ಸೀಳಿದ್ದು. ಸಾತಪ್ಪನಿಗೆ ಬೇಕೆಂದೇ ಎಡಗೈಯಲ್ಲಿ ಕವಣೆ ಬೀಸಲು ಹೇಳಿದರಂತೆ. ಆ ನಡುಕವೂ ಹೊಗೆಯೊಳಗೆ ಬಂದಿದೆ. ಇದು ಆಗದಿದ್ದರೆ ಇನ್ನೊಂದಕ್ಕೆ ಹೊತ್ತು ಇರುತ್ತದೋ ಇಲ್ಲವೋ. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಸರಿಸಿ, ಅಪ್ಪನನ್ನು ಕೂರಿಸಿ, ಕತ್ತನ್ನು ತಾವೇ ಮೆಲ್ಲಗೆ ಬಲಕ್ಕೆ ವಾಲಿಸುತ್ತಾರೆ.

“ಅಪ್ಪಾ, ಹಚ್ಚಲೇನು?”

“ಹಚ್ಚವಾ.”

ಕೀಲಿ ಒತ್ತಿದ ‘ಟಕ್’ ಸದ್ದು ಕೇಳಿಸುತ್ತದೆ. ಅದೇ ಕ್ಷಣಕ್ಕೆ ಕರೆಂಟು ಹೋಗುತ್ತದೆ. ಹಾಡುಹಗಲು, ಕಿಟಕಿಯಿಂದ ಬಿಸಿಲು ಕೋಣೆಯ ತುಂಬ ಇದೆ. ಫ್ಯಾನಿನ ರೆಕ್ಕೆ ಇನ್ನೂ ತಿರುಗುತ್ತಿದೆ. ಪರದೆ ಮಾತ್ರ ಹಂಚಿನಂತೆ ಕಪ್ಪಾಗಿ ನಿಂತಿದೆ. “ಅಯ್ಯ,” ಎನ್ನಲು ಪ್ರಮಿಳಾ ಬಾಯಿ ತೆರೆಯುತ್ತಾರೆ.

ಭರಮಪ್ಪ ಪರದೆಗೆ ಗೇಣು ದೂರದಲ್ಲಿ ಮುಖ ಇಟ್ಟು, ಎಡಗಣ್ಣಿನ ಮೂಲೆಯಿಂದ ನೋಡುತ್ತಿದ್ದಾರೆ. ತುಟಿ ಅಲುಗುತ್ತಿದೆ. ಎಣಿಸುತ್ತಿದ್ದಾರೆ. ಒಂದು, ಎರಡು, ಮೂರು. ಎಲ್ಲೂ ‘ದುಪ್’ ಎನ್ನದಿದ್ದರೂ ಆರಕ್ಕೆ ತಾವೇ ತಲೆದೂಗುತ್ತಾರೆ.

“ಹೌದು,” ಎನ್ನುತ್ತಾರೆ. “ಈಗ ಆತು ನೋಡವಾ. ಹಿಂಗ ಇತ್ತು. ಹೂಂ... ಥೇಟ ಹಿಂಗ.” ಆಮೇಲೆ ನನ್ನ ಕಡೆ, ನಾನು ಇದ್ದೇನೆಂದು ಅವರು ಎಣಿಸಿದ ಕಡೆ ತಿರುಗಿ, “ಬರಕೋರಿ ಸಾಹೇಬ್ರ. ನನ್ನ ಮಗಳು ಮಾಡಿದ ಹೊಗಿ ಖರೇ ಹೊಗಿ. ತೋಪಿನ್ಯಾಂವ ಭರಮಪ್ಪ ಹೇಳ್ಯಾನ ಅಂತ ಬರೀರಿ.”

ನಾನು ಪ್ರಮಿಳಾ ಮುಖ ನೋಡುತ್ತೇನೆ. ಅವರು ಪರದೆ ನೋಡುತ್ತಿದ್ದಾರೆ.

“ಹೂನಪ್ಪಾ,” ಎನ್ನುತ್ತಾರೆ ಅವರು ಕೊನೆಗೆ. “ಆತು.”

ಚಹಾ ಮಾಡಲೆಂದು ಪ್ರಮಿಳಾ ಅಡುಗೆಮನೆಗೆ ಹೋಗುತ್ತಾರೆ, ನಾನೂ ಹಿಂದೆ ಹೋಗುತ್ತೇನೆ. ಚಹಾ ಉಕ್ಕಿ ಹರಿಯುತ್ತದೆ, ಅವರು ಒಲೆ ಆರಿಸುವುದಿಲ್ಲ. ನಾನೇ ಆರಿಸುತ್ತೇನೆ. ಸೆರಗಿನಿಂದ ಕಣ್ಣು ಒತ್ತಿಕೊಂಡು, ಹೊರಗೆ ಕೇಳಿಸದಂತೆ ಅಳುತ್ತಾರೆ. ಹನ್ನೊಂದು ವರ್ಷ ಕಾದ ಮಾತು ಬಂದಿದೆ, ಬಂದದ್ದು ಕಪ್ಪು ಪರದೆಗೆ. ಸತ್ಯ ಹೇಳಬೇಕೆಂದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಹನ್ನೊಂದು ವರ್ಷ ಹೊಗೆಯ ವಿಷಯದಲ್ಲಿ ಒಂದು ಸುಳ್ಳಾಡದ ಮನುಷ್ಯ ಇವತ್ತು ಆಡಿದ್ದು ನಾನು ಅಲ್ಲಿ ಕುಳಿತಿದ್ದೇನೆಂದು. ಮಗಳ ಸೋಲು ಪೇಪರಿನಲ್ಲಿ ಬರಬಾರದೆಂದು. ಕುಂದಾ ಹಿಡಿದು ಹೋಗಿ ನಾನು ಮಾಡಿದ ಘನಕಾರ್ಯ ಇದು.

“ಯಾವತ್ತಿಂದ ಪೂರ್ತಿ ಕಾಣವಲ್ದೋ ಏನೋ ಸರ್,” ಎನ್ನುತ್ತಾರೆ ಪ್ರಮಿಳಾ, ಗೇಟಿನವರೆಗೆ ನನ್ನನ್ನು ಕಳಿಸಲು ಬಂದು. “ಎರಡು ವಾರದ ಹಿಂದ ಅಂದ ‘ಇಲ್ಲ’ ಕಂಡು ಅಂದದ್ದೋ, ನನ್ನ ಸಂಗಾಟ ಮಾತು ನಿಂತೀತು ಅಂತ ಅಂದದ್ದೋ. ಹೆಂಗ ಕೇಳಲಿ? ಕೇಳಿದ್ರ ಅಂವಗ ಗೊತ್ತಾಗತೈತಿ, ನನಗ ಗೊತ್ತಾಗೇತಿ ಅಂತ.”

ಇದನ್ನೆಲ್ಲ ಬರೆಯಬಹುದೇ ಎಂದು ನಾನು ಕೇಳುತ್ತೇನೆ.

“ಬರೀರಿ. ಅಪ್ಪಗ ಪ್ಯಾಪರ ಓದಿ ಹೇಳಾಕಿ ನಾನ ಅಲ್ಲೇನು? ಅಂವ ‘ಹೌದು’ ಅಂದದ್ದರ ಮಟ ಓದತೀನಿ. ಕರೆಂಟ ಹೋದದ್ದು ಬಿಟ್ಟ ಓದತೀನಿ.”

ಆಟ ದುರಸ್ತಿಯ ಗೆಳೆಯರು ಹೊಸ ಹೊಗೆಗಾಗಿ ಕಾಯುತ್ತಿದ್ದಾರೆ. ಇನ್ನೂ ಆಗಿಲ್ಲ ಎಂದು ಪ್ರಮಿಳಾ ಅವರಿಗೆ ಬರೆದಿದ್ದಾರೆ. ಕಡತದ ಹೆಸರೇನು, ಹೌದು-೧ ಎಂದಿಟ್ಟಿರಾ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸುತ್ತಾರೆ. ಅದಕ್ಕೆ ಇನ್ನೂ ಹೆಸರಿಲ್ಲ. ಮುಂದಿನ ಶನಿವಾರದ ಖಾನಾಪುರ ಬಸ್ಸಿಗೆ ಹನ್ನೆರಡು ಪೊಟ್ಟಣ ಕಟ್ಟಿಟ್ಟಿದ್ದಾರೆ.

ಒ‌ಳಗೆ ಫ್ಯಾನು ತಿರುಗತೊಡಗಿದ ಸದ್ದು ಕೇಳುತ್ತದೆ. ಕರೆಂಟು ಬಂದಿದೆ. ಪ್ರಮಿಳಾ ಮುಖ ಒರೆಸಿಕೊಂಡು ಒಳಗೆ ನೋಡುತ್ತಾರೆ. ಭರಮಪ್ಪ ಅದೇ ಕುರ್ಚಿಯಲ್ಲಿ, ಕತ್ತು ಬಲಕ್ಕೆ ವಾಲಿಸಿಕೊಂಡೇ ಕುಳಿತಿದ್ದಾರೆ.

“ಆಟೋ ಸಿಗತೈತಿ ಸರ್, ನೀವು ಹೊಂಡ್ರಿ,” ಎನ್ನುತ್ತಾರೆ ಪ್ರಮಿಳಾ. “ನೀವು ಹೋದ ಮ್ಯಾಲೆ ಮತ್ತೊಮ್ಮಿ ಹಚ್ಚತೀನಿ. ಯಾರೂ ಇಲ್ಲದಾಗ, ನಾವಿಬ್ಬರ ಇದ್ದಾಗ. ‘ಥೂ, ಇಲ್ಲ’ ಅಂದನಂದ್ರ ಸಾಕ್ರಿ ನನಗ.”